ತಾಯಿಯಾದ ಹುಡುಗಿಯ ವಯಸ್ಸು ಎಷ್ಟು?

ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಕುಬಸ ಮಾಡುವುದು ವಾಡಿಕೆ. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ತಿಂಗಳು ಎಷ್ಟಾಯಿತೆಂದು ಎಣಿಸುತ್ತಾರೆ. ಉಡಿಗೆ ಹಾಕುವ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬುಗಳನ್ನು ಎಣಿಸುತ್ತಾರೆ. ಆರತಿ ಎತ್ತಲು ಐವರು ಮುತ್ತೈದೆಯರು ಕೂಡಿದರೇ ಎಂದು ಎಣಿಸುತ್ತಾರೆ. ಅಲ್ಲಿ ಎಣಿಕೆಗೆ ಬಾರದೆ ಉಳಿಯುವುದು ಒಂದೇ: ಮಣೆಯ ಮೇಲೆ ಕುಳಿತ ಹುಡುಗಿಯ ವಯಸ್ಸು.

ಅದು ಹದಿನಾರೋ ಹದಿನೇಳೋ ಆಗಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನವರು ಹೇಳುತ್ತಿರಲಿಲ್ಲ, ಏಕೆಂದರೆ ಅದು ಹೇಳಬೇಕಾದ ಸಂಗತಿಯೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಇಂದಿನವರು ಹೇಳುವುದಿಲ್ಲ, ಏಕೆಂದರೆ ಹೇಳಲು ಭಯ. ಕಾರಣ ಬದಲಾದರೂ ಮೌನ ಬದಲಾಗಿಲ್ಲ. ಆ ಮೌನದ ಬೆಲೆಯನ್ನು ತೆರುವವಳು ಮಾತ್ರ ಅಂದಿಗೂ ಇಂದಿಗೂ ಆ ಹುಡುಗಿಯೇ.

ರಾಣಿಯ ಕಾಲದ ಮಾತು

ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದ ಆಕೆ ಹದಿನೈದರ ಹರೆಯದಲ್ಲಿ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿ ಕಿತ್ತೂರಿಗೆ ಬಂದಳೆಂದು ಹೇಳುತ್ತಾರೆ. ಆಕೆಯ ಸ್ವಂತ ಮಗ ಉಳಿಯಲಿಲ್ಲ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗ ರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕದ ಪ್ರಶ್ನೆ ಎದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಯುದ್ಧವಾಯಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡಳು. ಈ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಮದುವೆಯ ಹೊತ್ತಿಗೆ ಆಕೆಯ ವಯಸ್ಸೆಷ್ಟೆಂದು ಕೇಳುವವರು ಕಡಿಮೆ. ಅರಮನೆಯಲ್ಲಾಗಲಿ ಗುಡಿಸಲಿನಲ್ಲಾಗಲಿ ಅಂದು ಅದು ವಿಶೇಷವೇ ಆಗಿರಲಿಲ್ಲ.

ಆದರೆ ಹಳೆಯ ಪದ್ಧತಿಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅನೇಕ ಮನೆತನಗಳಲ್ಲಿ ಮದುವೆ ಬೇಗ ನಡೆದರೂ ಹುಡುಗಿ ತವರಿನಲ್ಲೇ ಉಳಿಯುತ್ತಿದ್ದಳು. ಮೈನೆರೆದ ಮೇಲೆ ಬೇರೊಂದು ಶಾಸ್ತ್ರ ಮಾಡಿ ಗಂಡನ ಮನೆಗೆ ಕಳಿಸುತ್ತಿದ್ದರು. ಮದುವೆಗೂ ಸಂಸಾರಕ್ಕೂ ನಡುವೆ ಕೆಲವು ವರ್ಷಗಳ ಅಂತರ ಇರುತ್ತಿತ್ತು. ಇದು ಬಾಲ್ಯವಿವಾಹವನ್ನು ಸಮರ್ಥಿಸುವ ಮಾತಲ್ಲ. ಆ ಅಂತರ ಮುಗಿದಾಗಲೂ ಅವಳು ಹನ್ನೆರಡು, ಹದಿಮೂರರ ಬಾಲೆಯೇ. ಆದರೂ ಇಂದಿನ ಸ್ಥಿತಿಯನ್ನು ತಿಳಿಯಲು ಇದು ಬೇಕಾಗುತ್ತದೆ. ಹದಿನಾರಕ್ಕೆ ಗುಟ್ಟಾಗಿ ಮದುವೆಯಾಗುವ ಇಂದಿನ ಹುಡುಗಿ ಅಕ್ಷತೆ ಬಿದ್ದ ವಾರದಲ್ಲೇ ಗಂಡನ ಮನೆ ಸೇರುತ್ತಾಳೆ. ವರ್ಷ ತುಂಬುವುದರೊಳಗೆ 'ಏನಾದರೂ ವಿಶೇಷವೇ?' ಎಂಬ ಪ್ರಶ್ನೆ ಆರಂಭವಾಗುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವ ಅವಸರದಲ್ಲಿ ಅವಳು ತಾಯಿಯಾಗುತ್ತಾಳೆ.

ಕಾಯ್ದೆ ಬಂದ ದಾರಿ

ಎಳೆಯ ತಾಯ್ತನದ ಪ್ರಶ್ನೆ ನಮ್ಮಲ್ಲಿ ಕಾಯ್ದೆಯ ಪ್ರಶ್ನೆಯಾಗಿ ನೂರಮೂವತ್ತು ವರ್ಷಗಳೇ ಮೀರಿವೆ. ಬಂಗಾಳದಲ್ಲಿ ಫೂಲ್‌ಮಣಿ ಎಂಬ ಎಳೆಯ ಬಾಲೆ ಗಂಡನ ಬಲಾತ್ಕಾರದಿಂದ ಸತ್ತ ಪ್ರಕರಣ ದೇಶವನ್ನು ಕಲಕಿತು. ಅದರ ಬೆನ್ನಿಗೆ 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದೆಂದೂ ಹೇಳಿತು. ಇಂದು ಓದಿದರೆ ಎಷ್ಟು ಕಡಿಮೆ ಕೇಳಿದರೆಂದು ಅನ್ನಿಸುತ್ತದೆ. ಅಂದು ಅದಕ್ಕೇ ದೊಡ್ಡ ವಿರೋಧವಿತ್ತು.

ಶಾರದಾ ಕಾಯ್ದೆ 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹೆಣ್ಣಿಗೆ 14, ಗಂಡಿಗೆ 18 ಎಂದು ಅದು ನಿಗದಿ ಮಾಡಿತು. ಜಾರಿಗೆ ಮುಂಚಿನ ಆರು ತಿಂಗಳಲ್ಲಿ ದೇಶದ ಅನೇಕ ಕಡೆ ತಂದೆತಾಯಿಯರು ಅವಸರದಲ್ಲಿ ಮಕ್ಕಳ ಮದುವೆ ಮುಗಿಸಿದರು. 1931ರ ಜನಗಣತಿಯಲ್ಲಿ ವಿವಾಹಿತ ಮಕ್ಕಳ ಸಂಖ್ಯೆ ಇಳಿಯುವ ಬದಲು ಏರಿದ್ದಕ್ಕೆ ಇದೇ ಕಾರಣವಾಯಿತು. ನಮ್ಮ ಈ ಸೀಮೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಬೈಲಹೊಂಗಲ, ಕಿತ್ತೂರು, ಅಂದು ಪರಸಗಡ ಎನ್ನಿಸಿಕೊಂಡಿದ್ದ ಸವದತ್ತಿ ತಾಲ್ಲೂಕು, ಇವೆಲ್ಲ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ಅಲ್ಲಿ ಶಾರದಾ ಕಾಯ್ದೆ ನಡೆಯಬೇಕು. ರಾಮದುರ್ಗವೋ ಪ್ರತ್ಯೇಕ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಕಾಯ್ದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ಮಲಪ್ರಭೆಯ ನೀರು ಕುಡಿಯುವ, ಹೆಣ್ಣು ಕೊಟ್ಟು ತರುವ ನೆರೆಯ ಹಳ್ಳಿಗಳ ನಡುವೆ ಹೀಗೊಂದು ಕಾಯ್ದೆಯ ಗಡಿ ಇತ್ತು. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಆ ಗಡಿ ಅಳಿಯಿತು.

ಹೆಣ್ಣಿನ ಮದುವೆಯ ವಯಸ್ಸು 1949ರಲ್ಲಿ 15ಕ್ಕೆ, 1978ರಲ್ಲಿ 18ಕ್ಕೆ ಏರಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕರ್ನಾಟಕದ 2016ರ ತಿದ್ದುಪಡಿ ಇನ್ನೂ ಮುಂದೆ ಹೋಗಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದಿತು. ಹೀಗೆ ಕಾಯ್ದೆ ಹಂತ ಹಂತವಾಗಿ ಬಿಗಿಯಾಗಿದೆ. ಆದರೆ ಈ ಕಾಯ್ದೆಗಳ ಕಣ್ಣು ಹೆಚ್ಚಾಗಿ ಮದುವೆ ಚಪ್ಪರದ ಮೇಲೆ. ಚಪ್ಪರ ಬಿಚ್ಚಿದ ಮೇಲೆ ಹುಡುಗಿಗೆ ಏನಾಗುತ್ತದೆಂದು ನೋಡುವವರು ಕಡಿಮೆ.

ಗುಡ್ಡದ ನೆರಳಿನಲ್ಲಿ

ಸವದತ್ತಿಯ ಮಟ್ಟಿಗೆ ಚಪ್ಪರವೇ ಇಲ್ಲದ ತಾಯ್ತನದ ಕಥೆಯೊಂದಿದೆ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ಅವರ ಭಕ್ತಿಯ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ದೇವಿಯ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಬಹುಕಾಲ ನಡೆಯಿತು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಊರಿನ ಯಾವನೋ ಉಳ್ಳವನ ಪಾಲಾಗುತ್ತಿದ್ದಳು. ಹದಿಹರೆಯದಲ್ಲೇ ತಾಯಿಯಾಗುತ್ತಿದ್ದಳು. ಹುಟ್ಟಿದ ಮಗುವಿಗೆ ಶಾಲೆಯ ದಾಖಲೆಯಲ್ಲಿ ಬರೆಸಲು ತಂದೆಯ ಹೆಸರು ಇರುತ್ತಿರಲಿಲ್ಲ.

ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು. 1993–94 ಮತ್ತು 2007–08ರಲ್ಲಿ ನಡೆದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಬೆಳಗಾವಿ ಜಿಲ್ಲೆಯಲ್ಲಿ ಈ ಪದ್ಧತಿಯ ವಿರುದ್ಧ ದನಿ ಎತ್ತಿದವರಲ್ಲಿ ಮಾಜಿ ದೇವದಾಸಿಯರೇ ಮುಂದಾದರೆಂಬುದು ಗಮನಾರ್ಹ. ಅವರು ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಊರೂರು ತಿರುಗಿ ಮುತ್ತು ಕಟ್ಟುವುದನ್ನು ತಡೆಯಿತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರಿಗೆ ಈ ಕೆಲಸಕ್ಕಾಗಿ 2018ರಲ್ಲಿ ಪದ್ಮಶ್ರೀ ದೊರೆಯಿತು. ಎಳೆಯ ತಾಯಂದಿರ ಬಗ್ಗೆ ಹೊರಗಿನವರು ಮಾತನಾಡುವುದಕ್ಕಿಂತ ಆ ಅನುಭವ ಉಂಡವರು ಮಾತನಾಡಿದಾಗ ಊರು ಕೇಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ದೇಹದ ಲೆಕ್ಕ

'ನಮ್ಮವ್ವ ಹದಿನೈದಕ್ಕೆ ಹಡೆದಿರಲಿಲ್ಲವೇ? ಏನಾಯಿತು?' ಎಂಬ ಮಾತು ಹಳ್ಳಿಯ ಕಟ್ಟೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಹೀಗೆ ಕೇಳುವವರು ಬದುಕಿ ಉಳಿದ ಅವ್ವಂದಿರ ಮಕ್ಕಳು. ಉಳಿಯದವರ ಪರವಾಗಿ ಕೇಳಲು ಯಾರೂ ಇರುವುದಿಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮುಟ್ಟು ಆರಂಭವಾಯಿತೆಂದರೆ ದೇಹ ಹೆರಿಗೆಗೆ ಸಿದ್ಧವಾಯಿತೆಂದು ಅರ್ಥವಲ್ಲ. ಅದರ ನಂತರವೂ ಹುಡುಗಿ ಕೆಲವು ವರ್ಷ ಬೆಳೆಯುತ್ತಿರುತ್ತಾಳೆ. ಎತ್ತರ ನಿಂತ ಮೇಲೂ ಸೊಂಟದ ಎಲುಬಿನ ಒಳಹಾದಿ ಅಗಲವಾಗುತ್ತಲೇ ಇರುತ್ತದೆ. ಆ ಹಾದಿ ಸಾಕಷ್ಟು ಅಗಲವಾಗದಿದ್ದರೆ ಮಗು ಸಿಕ್ಕಿಕೊಂಡು ಹೆರಿಗೆ ಕಟ್ಟುತ್ತದೆ. ಹೀಗೆ ದೀರ್ಘಕಾಲ ಕಟ್ಟಿದ ಹೆರಿಗೆಯಿಂದ ಮೂತ್ರಕೋಶಕ್ಕೆ ತೂತು ಬಿದ್ದು, ತಾಯಿ ಜೀವನವಿಡೀ ಮೂತ್ರ ಸೋರುವ ಸಂಕಟ ಅನುಭವಿಸಬೇಕಾಗುವುದೂ ಉಂಟು. ಬೆಳೆಯುತ್ತಿರುವ ತಾಯಿ ಮತ್ತು ಬೆಳೆಯುತ್ತಿರುವ ಶಿಶು ಒಂದೇ ತಟ್ಟೆಯ ಅನ್ನಕ್ಕೆ ಪಾಲುದಾರರು. ಆದ್ದರಿಂದ ಇಂಥ ತಾಯಂದಿರ ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟುವುದು ಹೆಚ್ಚು. ಗರ್ಭಿಣಿಯ ರಕ್ತದೊತ್ತಡ ಏರಿ ನಂಜಾಗಿ ಫಿಟ್ಸ್ ಬರುವ ಅಪಾಯ, ಹೆರಿಗೆಯ ನಂತರದ ಸೋಂಕು, ಇವು ಇಪ್ಪತ್ತು ದಾಟಿದವರಿಗಿಂತ ಹದಿಹರೆಯದವರಲ್ಲಿ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ರಕ್ತಹೀನತೆಯೂ ಸೇರುತ್ತದೆ. ಕರ್ನಾಟಕದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಸಾಲದು.

ಎಲ್ಲ ಹದಿಹರೆಯವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಹತ್ತೊಂಬತ್ತರ, ಚೆನ್ನಾಗಿ ಉಂಡು ತಿಂದ, ಮೊದಲ ತಿಂಗಳುಗಳಿಂದಲೇ ವೈದ್ಯರಿಗೆ ತೋರಿಸಿಕೊಂಡ ಹುಡುಗಿಗೆ ಅಪಾಯ ಬಹಳ ಕಡಿಮೆಯಾಗುತ್ತದೆ. ಹದಿನೈದರ, ಬಡತನದ, ಬಚ್ಚಿಟ್ಟ ಬಸುರಿಗೆ ಅದು ಬಹಳ ಹೆಚ್ಚಾಗುತ್ತದೆ. ಅಂದರೆ ಅಪಾಯ ವಯಸ್ಸಿನಿಂದ ಮಾತ್ರ ಬರುವುದಲ್ಲ. ವಯಸ್ಸನ್ನು ಮುಚ್ಚಿಡುವುದರಿಂದಲೂ ಬರುತ್ತದೆ.

ಬೆಳಗಾವಿಯ ಹಳ್ಳಿಗಳು ಕಲಿಸಿದ್ದು

ಸುರಕ್ಷಿತ ಹೆರಿಗೆಯ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳು ಜಗತ್ತಿಗೇ ಪಾಠ ಕಲಿಸಿವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ವಿದೇಶಿ ಸಂಶೋಧಕರೊಂದಿಗೆ ಸೇರಿ ಜಿಲ್ಲೆಯ 1,620 ಹಳ್ಳಿಗಾಡಿನ ತಾಯಂದಿರಲ್ಲಿ ಒಂದು ಪ್ರಯೋಗ ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಸಹಾಯಕ ದಾದಿಯರೇ ನುಂಗಿಸಿದಾಗ ಅತಿರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

2020ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. ಬೆಳಗಾವಿಯೂ ಸೇರಿ ಆರು ದೇಶಗಳ 11,976 ಚೊಚ್ಚಲ ಗರ್ಭಿಣಿಯರು ಅದರಲ್ಲಿದ್ದರು. ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟವರಲ್ಲಿ ಅವಧಿಪೂರ್ವ ಹೆರಿಗೆ ಶೇ 11.6, ಕೊಡದವರಲ್ಲಿ ಶೇ 13.1. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಅಧ್ಯಯನದಲ್ಲಿ ಮಾತ್ರೆಯನ್ನು ಆರಂಭಿಸಿದ್ದು ಗರ್ಭದ ಆರರಿಂದ ಹದಿಮೂರನೆಯ ವಾರದೊಳಗೆ. ಐದನೆಯ ತಿಂಗಳವರೆಗೆ ಸೆರಗಿನಲ್ಲಿ ಮುಚ್ಚಿಟ್ಟ ಬಸುರಿಗೆ ಆ ಅವಕಾಶ ತಪ್ಪಿಹೋಗಿರುತ್ತದೆ. ವಿಜ್ಞಾನ ಮನೆಬಾಗಿಲಿಗೆ ಬಂದರೂ ಹುಡುಗಿ ಬಾಗಿಲು ತೆರೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಭಯದ ಬಾಗಿಲು

ಆಕೆ ಏಕೆ ಬಾಗಿಲು ತೆರೆಯುವುದಿಲ್ಲ? 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಹುಡುಗಿಯೊಡನೆ ಲೈಂಗಿಕ ಸಂಪರ್ಕ ಅಪರಾಧ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಗಂಡನಾದರೂ ಅದು ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿತು. ಹದಿನಾರರ ಗರ್ಭಿಣಿ ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ತಿಳಿಸದಿದ್ದರೆ ಅವರೇ ಶಿಕ್ಷೆಗೆ ಗುರಿ. ಹುಡುಗಿಯನ್ನು ರಕ್ಷಿಸಲು ಈ ಕಾಯ್ದೆ ಬೇಕೇ ಬೇಕು. ಮೋಸ ಹೋದವಳಿಗೆ, ಬಲಾತ್ಕಾರಕ್ಕೆ ಒಳಗಾದವಳಿಗೆ ಅದೇ ಆಸರೆ. ಆದರೆ ಅದರ ಭಯ ಕೆಲಸ ಮಾಡುವ ಬಗೆ ಬೇರೆ. ಮನೆಯವರು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ಹೋದರೂ ದೂರದ ಊರಿಗೆ ಹೋಗುತ್ತಾರೆ. ಕೇಳಿದರೆ 'ಹತ್ತೊಂಬತ್ತು' ಎನ್ನುತ್ತಾರೆ.

ತಾಯಿ ಕಾರ್ಡಿನಲ್ಲಿ 16ರ ಬದಲು 19 ಎಂದು ಬಿದ್ದರೆ ಏನಾಗುತ್ತದೆ? 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಪಾಯದ ಅಂಚಿನಲ್ಲಿರುವ ಗರ್ಭಿಣಿಯ ಕಾರ್ಡಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿ ಇದೆ. ಎಳೆಯ ವಯಸ್ಸೂ ಅಂಥ ಅಪಾಯಗಳಲ್ಲಿ ಒಂದು. ಸುಳ್ಳು ವಯಸ್ಸು ಆ ಚೀಟಿಯನ್ನು ತಪ್ಪಿಸುತ್ತದೆ. ಹೆರಿಗೆ ಕಟ್ಟಿದ ರಾತ್ರಿ ಆಂಬುಲೆನ್ಸ್ ಹುಡುಕುವ ಹೊತ್ತಿಗೆ ಈ ಸುಳ್ಳಿನ ಭಾರ ತಿಳಿಯುತ್ತದೆ. ಗರ್ಭಪಾತಕ್ಕಾಗಿ ಬರುವ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಕಾಯ್ದೆಯ ಭಯ ಚಿಕಿತ್ಸೆಗೆ ಅಡ್ಡ ಬರಬಾರದೆಂಬ ತಿಳಿವಳಿಕೆ ಅದರ ಹಿಂದಿದೆ. ಆ ತಿಳಿವಳಿಕೆ ಹೆರಿಗೆ ವಾರ್ಡಿಗೂ ಹಬ್ಬಬೇಕಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಒಂದು ಕುತೂಹಲದ ಚಿತ್ರ ಕೊಡುತ್ತವೆ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟರೊಳಗೆ ಮದುವೆಯಾದವರು 2015–16ರಲ್ಲಿ ಶೇ 21.4, 2019–21ರಲ್ಲಿ ಶೇ 21.3. ಬದಲಾವಣೆ ಇಲ್ಲವೆಂದೇ ಹೇಳಬೇಕು. ಅದೇ ಅವಧಿಯಲ್ಲಿ 15ರಿಂದ 19ರ ಹುಡುಗಿಯರ ಪೈಕಿ ಆಗಲೇ ತಾಯಿಯಾದವರು ಅಥವಾ ಗರ್ಭಿಣಿಯರಾದವರು ಶೇ 7.8ರಿಂದ 5.4ಕ್ಕೆ ಇಳಿದಿದ್ದಾರೆ. ಇಳಿಕೆ ಸಂತೋಷದ ಸಂಗತಿ. ಆದರೆ ನೂರರಲ್ಲಿ ಐವರೆಂದರೆ ಪ್ರತಿ ಊರಿನಲ್ಲೂ ಯಾರೋ ಒಬ್ಬಳು ಎಂದು ಅರ್ಥ. ಉಳಿದವರು ಕಡಿಮೆಯಾದಷ್ಟೂ ಅವಳು ಒಂಟಿಯಾಗುತ್ತಾಳೆ.

ಬಾಣಂತನ ಮುಗಿದ ಮೇಲೆ

ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ನಮ್ಮ ಪದ್ಧತಿ ಎಳೆಯ ತಾಯಿಗೆ ದೊಡ್ಡ ಆಸರೆ. ಎಣ್ಣೆನೀರು, ಅಂಟಿನ ಉಂಡಿ, ಅಳವಿ ಪಾಯಸ, ತಾಯಿಯ ಕೈಯ ಆರೈಕೆ, ಇವೆಲ್ಲ ಅವಳಿಗೆ ಮತ್ತೆ ಸಿಗುವುದು ಅಲ್ಲಿಯೇ. ಅದೇ ಪದ್ಧತಿಯ ಇನ್ನೊಂದು ಮುಖವೆಂದರೆ ಬಾಣಂತಿ ಹೊಸ್ತಿಲು ದಾಟಬಾರದೆಂಬ ಕಟ್ಟು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕಿತ್ತು. ಹೊಸ್ತಿಲು ದಾಟದ ಬಾಣಂತಿಗೆ ಆ ಊಟ ಮುಟ್ಟುವುದಾದರೂ ಹೇಗೆ? ಯೋಜನೆ ಮಾಡುವವರೂ ಪದ್ಧತಿ ನಡೆಸುವವರೂ ಒಂದೇ ಮಣೆಯ ಮೇಲೆ ಕುಳಿತು ಮಾತನಾಡಿದರೆ ಇಂಥ ತೊಡಕು ಬಿಡಿಸುವುದು ಕಷ್ಟವಲ್ಲ.

ನಿಜವಾದ ಕಷ್ಟ ಆರಂಭವಾಗುವುದು ಅವಳು ಗಂಡನ ಮನೆಗೆ ಮರಳಿದ ಮೇಲೆ. ಮೊದಲನೆಯದು, ಎರಡನೆಯ ಮಗುವಿನ ಅವಸರ. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷ ಕಾಯಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂತಾನಶಕ್ತಿಹರಣ ಚಿಕಿತ್ಸೆಯಾಗಿದೆ. ಮಕ್ಕಳ ನಡುವೆ ಅಂತರವಿಡುವ ಕಾಪರ್ ಟಿ, ಚುಚ್ಚುಮದ್ದು, ಮಾತ್ರೆಗಳ ಬಳಕೆ ಕಡಿಮೆ. ಬೇಗ ಎರಡು ಹಡೆದು ಬೇಗ ಆಪರೇಷನ್ ಮಾಡಿಸಿಕೊಳ್ಳುವುದೇ ರೂಢಿ. ಎಳೆಯ ದೇಹಕ್ಕೆ ಬೇಕಾದದ್ದು ಇದರ ವಿರುದ್ಧ: ತಡ, ಮತ್ತು ಅಂತರ. ಇದನ್ನು ತೀರ್ಮಾನಿಸುವವಳು ಅವಳಲ್ಲ, ಅತ್ತೆ, ಗಂಡ. ಆದ್ದರಿಂದ ಆಶಾ ಕಾರ್ಯಕರ್ತೆ ಮಾತನಾಡಬೇಕಾದದ್ದು ಅವರೊಡನೆಯೂ ಹೌದು.

ಎರಡನೆಯದು ಓದು. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ಮದುವೆಯ ವಯಸ್ಸು ಹದಿನೆಂಟಕ್ಕೆ ಆರಂಭವಾಗುತ್ತದೆ. ಈ ನಾಲ್ಕು ವರ್ಷಗಳೇ ಹಳ್ಳಿಯ ಹುಡುಗಿಯ ಪಾಲಿಗೆ ಯಾರಿಗೂ ಸೇರದ ಹೊಲ. ಹೈಸ್ಕೂಲು, ಕಾಲೇಜು ದೂರವಿದ್ದರೆ, ದುಡಿಯಲು ಗುಳೆ ಹೋಗುವ ತಂದೆತಾಯಿ ಬೆಳೆದ ಮಗಳನ್ನು ಮನೆಯಲ್ಲಿ ಬಿಡಲು ಹೆದರಿದರೆ, ಮದುವೆಯೇ ಭದ್ರತೆಯಂತೆ ಕಾಣುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಶಾಲೆಯ ಹೊತ್ತಿಗೆ ಊರಿಗೆ ಬಸ್ಸು ಬಂದರೆ ಆ ಸೌಲಭ್ಯ ಸಾರ್ಥಕ. ತಾಯಿಯಾದವಳು ಮತ್ತೆ ಓದಬಾರದೆಂದು ಯಾವ ನಿಯಮವೂ ಇಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಪರೀಕ್ಷೆಯ ದಿನ ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ಅವಳ ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆ.

ಮೂರನೆಯದು ಹಕ್ಕು. ಬಾಲ್ಯವಿವಾಹವನ್ನು ನ್ಯಾಯಾಲಯ ರದ್ದು ಮಾಡಿದರೂ ಅದರಲ್ಲಿ ಹುಟ್ಟಿದ ಮಗು ಕಾಯ್ದೆಯ ದೃಷ್ಟಿಯಲ್ಲಿ ಔರಸ ಸಂತಾನವೇ ಎಂದು 2006ರ ಕಾಯ್ದೆ ಹೇಳುತ್ತದೆ. ಹುಡುಗಿಗೆ ಜೀವನಾಂಶ, ವಾಸಕ್ಕೆ ಮನೆ, ಮಗುವಿನ ಪಾಲನೆ ಮತ್ತು ಪೋಷಣೆಯ ವೆಚ್ಚ, ಇವುಗಳ ಬಗ್ಗೆ ಆದೇಶ ಮಾಡುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ. ಮದುವೆ ನಿಲ್ಲಿಸಲು ಈ ಸಂಖ್ಯೆಗೆ ಕರೆ ಮಾಡಬಹುದೆಂದು ಜನ ಬಲ್ಲರು. ಕಂಕುಳಲ್ಲಿ ಕೂಸಿರುವ ಹದಿನೇಳರ ಹುಡುಗಿಯೂ ಕಾಯ್ದೆಯ ಕಣ್ಣಿನಲ್ಲಿ ಮಗುವೇ, ಅವಳೂ ಆ ಸಂಖ್ಯೆಗೆ ಕರೆ ಮಾಡಬಹುದು ಎಂಬುದು ಅಷ್ಟಾಗಿ ತಿಳಿದಿಲ್ಲ.

ಮದುವೆಯನ್ನು ತಡೆಯುವುದು ಮೊದಲ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ತಡೆಯಲಾಗದೆ ಹೋದಾಗ ಹುಡುಗಿಯನ್ನು ಕೈಬಿಡದಿರುವುದು ಎರಡನೆಯ ಕೆಲಸ. ನಾವು ಮೊದಲನೆಯದನ್ನು ಸರ್ಕಾರಕ್ಕೆ ಬಿಟ್ಟಿದ್ದೇವೆ, ಎರಡನೆಯದನ್ನು ದೇವರಿಗೆ ಬಿಟ್ಟಿದ್ದೇವೆ. ಉಡಿ ತುಂಬಲು ಕೂಡುವ ಮುತ್ತೈದೆಯರಲ್ಲಿ ಒಬ್ಬಳಾದರೂ ಅವಳ ವಯಸ್ಸನ್ನು ಕೇಳಿ, ಮರುದಿನ ಆಶಾ ಕಾರ್ಯಕರ್ತೆಯ ಜೊತೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಕಾರ್ಡಿನಲ್ಲಿ ನಿಜ ವಯಸ್ಸನ್ನೇ ಬರೆಸಿದರೆ ಆ ಕುಬಸಕ್ಕೆ ಅರ್ಥ ಬಂದೀತು.